ಶಾಂತವಾದ ದೀಪ

ದೇವರ ಮುಂದೆ ಆರಿದ ಬತ್ತಿಯ ವಾಸನೆ ಬಂದರೆ ಬೈಲಹೊಂಗಲದ ಆ ಮಧ್ಯಾಹ್ನ ಇವತ್ತಿಗೂ ಎದ್ದು ಬರುತ್ತದೆ. ಬೆಳಕು-ಕತ್ತಲೆ ಬಗ್ಗೆ ಇಂಗ್ಲಿಷಿನಲ್ಲೊಂದು ಕ್ವೆಶ್ಚನ್ ಬರೆದು ತರಲು ಕಾನ್ವೆಂಟಿನ ಮಂಗಳೂರು ಸಿಸ್ಟರ್ ಹೇಳಿದ್ದರು. ಬೆಳಿಗ್ಗೆ ಪೂಜೆ ಮುಗಿಸಿದ ಅಜ್ಜಿಯನ್ನು ಕೇಳಿದೆ, "ಆಯಿ, ದೀಪ ಆರಿದ ಮ್ಯಾಲೆ ಬೆಳಕು ಎಲ್ಲಿಗೆ ಹೋಗತೈತಿ?"

"ಆರಿತು ಅನಬಾರದವಾ, ಶಾಂತ ಆತು ಅನ್ನಬೇಕು," ಎಂದಳು ಅಷ್ಟೇ.

ಹಾಗೇ ಪಾಟಿಯ ಮೇಲೆ ಬರೆದೆ: 'ವೆನ್ ದ ಲ್ಯಾಂಪ್ ಬಿಕಮ್ಸ್ ಪೀಸ್‌ಫುಲ್, ವೇರ್ ಡಸ್ ದ ಲೈಟ್ ಗೋ'.

"ದೀಪ ಪೀಸ್‌ಫುಲ್ ಆಗುವುದುಂಟಾ ಮಾರಾಯ್ತಿ? ಕ್ವೆಶ್ಚನ್ ಮಾರ್ಕ್ ಎಲ್ಲಿ?" ಎಂದು ಮಧ್ಯಾಹ್ನದ ಕ್ಲಾಸಿನಲ್ಲಿ ಸಿಸ್ಟರ್ ನನ್ನ ಪ್ರಶ್ನೆಯನ್ನೇ ಒರೆಸಿ, ಕುಡಗೋಲಿನಂಥ ಆ ಮಾರ್ಕನ್ನು ಪಾಟಿ ತುಂಬ ತಿದ್ದಿಸಿದರು. ಬಳಪ ಸವೆದು ಬೆರಳು ನೋಯುತ್ತಿದ್ದವು.

"ಬೆಳಕು ಎಲ್ಲಿಗೆ ಹೋಗತೈತ್ರಿ ಸಿಸ್ಟರ್?" ಎಂದೆ.

"ಮೊದಲು ಕೆಳಗೆ ಚುಕ್ಕಿ ಇಡು," ಎಂದರು.