ಹೆಜ್ಜೆ ಮಣ್ಣು

ಉಪ್ಪು, ಒಣಮೆಣಸಿನಕಾಯಿ ಕೆಂಡಕ್ಕೆ ಬಿದ್ದ ವಾಸನೆ ಬಂದರೆ ಈಗಲೂ ನನ್ನ ಮುಷ್ಟಿ ಬಿಗಿಯುತ್ತದೆ.

ಆಗ ನಾವು ಸೊರಬದಲ್ಲಿದ್ದೆವು. ಹದಿಮೂರು ವರ್ಷದ ಅಕ್ಕ ಉಂಡದ್ದನ್ನೆಲ್ಲ ಹಿತ್ತಲಿಗೆ ಹೋಗಿ ಕಕ್ಕುತ್ತಿದ್ದಳು. ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

“ಯಾರದೋ ಕಣ್ಣಾಗೈತೆ. ಓಣಿಯೋರ ಹೆಜ್ಜೆ ಮಣ್ಣು ತಗಂಡು ಬಾ, ನಿವಾಳಿಸ್ತೀನಿ,” ಅಂದಳು ಅಜ್ಜಿ.

ಮಧ್ಯಾಹ್ನದ ಬಿಸಿಲಲ್ಲಿ ಮನೆಮನೆಯ ಮುಂದೆ ಬಗ್ಗಿ ಮುಷ್ಟಿ ತುಂಬಿಸಿಕೊಂಡು ಬಂದೆ. ಬಾಗಿಲಲ್ಲಿ ನಿಂತಿದ್ದ ಅಕ್ಕ ನಮ್ಮ ಮೆಟ್ಟಿಲ ಕೆಳಗಿನ ಹೆಜ್ಜೆ ತೋರಿಸಿದಳು.

“ಅದನ್ನೂ ತಗಳೇ.”

“ಅದು ಚಿಕ್ಕಪ್ಪಂದು ಕಣೇ! ಮನೆಯೋರ ಕಣ್ಣು ತಾಗುತ್ತಾ?” ಎಂದು ನಕ್ಕು, ಅದನ್ನು ಬಿಟ್ಟೆ.

ಅಕ್ಕ ಒಳಗೆ ಹೋದಳು.

ಅಜ್ಜಿ ಉಪ್ಪು, ಮೆಣಸಿನಕಾಯಿ ಜೊತೆ ಮಣ್ಣು ನಿವಾಳಿಸಿ ಒಲೆಗೆ ಸುರಿದಳು. ಘಾಟಿಗೆ ಎಲ್ಲರೂ ಕೆಮ್ಮಿದೆವು. ಆಮೇಲೆ ಅನ್ನದ ತಟ್ಟೆಯನ್ನು ಚಿಕ್ಕಪ್ಪನ ಕೈಗಿಟ್ಟು, “ನೀನೇ ಉಣ್ಸಪ್ಪ, ನಿನ್ ಮಾತು ಮೀರಲ್ಲ ಅವ್ಳು,” ಅಂದಳು.

ಅಕ್ಕ ಬಾಯಿ ತೆರೆದಳು.