ಒಳಗಿನ ಎಂಟು

"ನಿನ್ನ ಲೆಕ್ಕ ನನ್ನ ಅಳತೆಗೆ ಹೊಂದಲಿ ಬಿಡಲಿ, ಇದ್ದದ್ದನ್ನ ಇದ್ದ ಹಾಗೇ ಹೇಳಬೇಕು. ನನ್ನ ಮುಖ ನೋಡಿ ಅಂಕಿ ಹೇಳಬಾರದು." ಇಬ್ಬರೂ ಸೇರಿ ಕೆಲಸಕ್ಕೆ ಕೈಹಾಕಿದ ದಿನವೇ ಅಕ್ಕ ತಮ್ಮನಿಂದ ಮಾತು ತೆಗೆದುಕೊಂಡಿದ್ದಳು. ಒಂದು ಕ್ಯಾಲ್ಸಿಯಂ, ಒಂದು ಆಮ್ಲಜನಕ ಸೇರಿದ ಪುಟ್ಟ ಅಣು; ಅದನ್ನು ಬಿಡಿಸಲು ಎಷ್ಟು ಶಕ್ತಿ ಬೇಕೆಂದು ಅವಳು ಪ್ರಯೋಗಾಲಯದಲ್ಲಿ ಅಳೆಯುತ್ತಿದ್ದಳು, ಇವನು ಅದರ ಎಲೆಕ್ಟ್ರಾನ್‌ಗಳ ಲೆಕ್ಕ ಹಾಕಿ ಅದೇ ಅಂಕಿಯನ್ನು ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದ.

ಇವತ್ತು ಅಕ್ಕನ ಪ್ರಯೋಗಾಲಯ ಖಾಲಿಯಾಗಬೇಕಿತ್ತು. ಅಳತೆ ನಡೆಯುತ್ತಿದ್ದ, ಗಾಳಿ ತೆಗೆದ ಉಕ್ಕಿನ ಪೆಟ್ಟಿಗೆಯ ಪಕ್ಕದಲ್ಲಿ ಅದನ್ನು ಬಿಚ್ಚಲು ಬಂದ ಕೆಲಸದವನು ಸ್ಪ್ಯಾನರ್ ಹಿಡಿದು ನಿಂತಿದ್ದ.

"ಬಂದ್ಯಾ? ಈ ಮಹಾರಾಯರನ್ನ ಎಷ್ಟೊತ್ತೂಂತ ಕಾಯಿಸಲಿ?" ಅಕ್ಕ ತನ್ನ ಅಂಕಿ ಹೇಳಿದಳು. "ಹೊಂದಿದ್ರೆ ಇವತ್ತೇ ಅಚ್ಚಿಗೆ ಕಳಿಸ್ತೀನಿ. ಇಲ್ಲಾಂದ್ರೆ ಡೈರೆಕ್ಟರ ಕಾಲು ಹಿಡಿದಾದ್ರೂ ಇನ್ನೊಂದು ವಾರ ಅಳೀತೀನಿ."

"ನಾಳೆ ಕಣ್ಣಿನ ಆಪರೇಷನ್ ಇದೆಯಲ್ಲ ಅಕ್ಕ."

"ಕಣ್ಣು ಎಲ್ಲಿಗೆ ಓಡಿಹೋಗುತ್ತೆ?"

ಅವಳ ಎಡಗಣ್ಣಿನ ರೆಟಿನಾ ಕಳಚಿಕೊಂಡು, ಆಗಲೇ ಅರ್ಧ ನೋಟಕ್ಕೆ ಪರದೆ ಬಿದ್ದಿತ್ತು. ಈ ಅಳತೆಗಾಗಿಯೇ ಎರಡು ಸಲ ಆಪರೇಷನ್ ಮುಂದೂಡಿದ್ದಳು. ಇನ್ನೊಮ್ಮೆ ಮುಂದೂಡಿದರೆ ಆ ಕಣ್ಣಿನ ಆಸೆ ಬಿಡಿ ಎಂದು ಡಾಕ್ಟರು ತಮ್ಮನನ್ನು ಹೊರಗೆ ಕರೆದು ಹೇಳಿದ್ದರು.

ತಮ್ಮನ ಬಳಿ ಎರಡು ಉತ್ತರಗಳಿದ್ದವು. ಕ್ಯಾಲ್ಸಿಯಂನ ಹೊರಗಿನ ಎರಡು ಎಲೆಕ್ಟ್ರಾನ್‌ಗಳನ್ನಷ್ಟೇ ಓಡಾಡಲು ಬಿಟ್ಟು, ಅವುಗಳ ಒಳಗಿನ ಎಂಟನ್ನು ಕಟ್ಟಿಹಾಕಿದ ಲೆಕ್ಕ ಅಕ್ಕನ ಅಂಕಿಗೆ ಸರಿಯಾಗಿ ಹೊಂದುತ್ತಿತ್ತು. ಆ ಎಂಟನ್ನೂ ಬಿಚ್ಚಿಬಿಟ್ಟ ದೊಡ್ಡ ಲೆಕ್ಕ ಬೆಳಿಗ್ಗೆಯಷ್ಟೇ ಮುಗಿದಿತ್ತು. ಅದು ಹೊಂದಲಿಲ್ಲ. ನಂಬಬೇಕಾದದ್ದು ಅದನ್ನೇ.

"ಹೊಂದುತ್ತೆ ಅಕ್ಕ."

"ಒಳಗಿನ ಎಂಟನ್ನೂ ಬಿಚ್ಚಿದ್ದೀಯ ತಾನೇ? ಕಟ್ಟಿಹಾಕಿ ಕೈ ತೊಳ್ಕೊಳ್ಳೋದು ನಿನ್ನ ಹಳೇ ಚಾಳಿ."

"ಬಿಚ್ಚಿದ್ದೆ."

ಅಕ್ಕ ಅವನ ಮುಖವನ್ನು ಚೆನ್ನಾಗಿದ್ದ ಕಣ್ಣಿನಿಂದ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಾನೇ ಪೆಟ್ಟಿಗೆಯ ವಾಲ್ವ್ ತಿರುಗಿಸಿದಳು. ಗಾಳಿ ಸುಯ್ಯೆಂದು ಒಳಗೆ ನುಗ್ಗಿತು.

"ಇನ್ನು ನಿಮ್ಮದು, ಬಿಚ್ಚಿಕೊಳ್ಳಿ," ಎಂದಳು ಕೆಲಸದವನಿಗೆ. ಆಮೇಲೆ ತಮ್ಮನ ಕಡೆ ತಿರುಗಿದಳು. "ನಾಳೆ ಆಸ್ಪತ್ರೆಗೆ ಎಷ್ಟು ಗಂಟೆಗೆ ಹೋಗಬೇಕೋ?"

"ಏಳಕ್ಕೆ. ನಾನೇ ಬರ್ತೀನಿ, ಕರ್ಕೊಂಡು ಹೋಗ್ತೀನಿ."

ಕೆಲಸದವನು ಕೊನೆಯ ಬೋಲ್ಟ್ ತೆಗೆದು ಮುಚ್ಚಳ ಎತ್ತುವಷ್ಟರಲ್ಲಿ, ಒಳಗೆ ಬೆಳ್ಳಿಯಂತೆ ಹೊಳೆಯುತ್ತಿದ್ದ ಕ್ಯಾಲ್ಸಿಯಂ ಸಲಾಕೆ ಗಾಳಿ ತಗುಲಿ ಮಂಕಾಗತೊಡಗಿತ್ತು.

ತಮ್ಮ ಕೊಟ್ಟ ಮಾತಿಗೆ ತಪ್ಪಿದ್ದ.