ತಪಾಸಣೆಯ ಕಿಂಡಿ

ನಾಲ್ಕನೇ ದಿನವೂ ಅವರು ಅದೇ ಮೂಲೆಯಲ್ಲಿ ಕೂತು ಉಂಡರು.

ಇಂಜಿನಿಯರ್ ಬಿಂದುಶ್ರೀ ಬಾಗಿಲಲ್ಲೇ ನಿಂತು ನೋಡಿದಳು. ವಿದ್ಯಾರಣ್ಯಪುರಂನ ಹೊಸ ಆಸ್ಪತ್ರೆಯ ಎಂಬತ್ತು ಅಡಿ ಉದ್ದದ ವಾರ್ಡು. ಕಿಟಕಿಯ ಕಡೆ ಗಾಳಿಯಿತ್ತು, ನೆರಳಿತ್ತು. ಫಾಲ್ಸ್ ಸೀಲಿಂಗ್ ಕೆಲಸದ ಎಂಟು ಜನ ಮಾತ್ರ ಶೌಚಾಲಯದ ಪಕ್ಕದ ಮೂಲೆಯಲ್ಲಿ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ಡಬ್ಬಿ ಬಿಚ್ಚಿ ಕೂತಿದ್ದರು. ಮೇಲಿನ ಮಹಡಿಯಲ್ಲಿ ಡ್ರಿಲ್ ಶುರುವಾಯಿತು. ಎಂಟೂ ತಲೆಗಳು ಒಮ್ಮೆ ಮೇಲೆ ನೋಡಿ, ಮತ್ತೆ ಮುದ್ದೆಗೆ ಬಗ್ಗಿದವು.

ಅವಳನ್ನು ಕಂಡದ್ದೇ ಮಾತು ನಿಂತಿತು. ಮೇಸ್ತ್ರಿ ಪುಟ್ಟಣ್ಣ ಎಂಜಲು ಕೈಯಲ್ಲೇ ಎದ್ದು ಬಂದು ಅಡ್ಡ ನಿಂತ.

"ಊಟ ಆಯ್ತಾ ಮೇಡಂ?"

"ಆಯ್ತು. ಅಲ್ಲೇನಿದೆ?"

"ಮುದ್ದೆ, ಉಪ್ಸಾರು. ತಿಂತೀರಾ?"

ಹಿಂದಿನಿಂದ ಯಾರೋ ಕಿಸಕ್ಕೆಂದ.

ಏನನ್ನೋ ಮುಚ್ಚಿಡುತ್ತಿದ್ದಾರೆ. ಆ ಮೂಲೆಗೆ ಬೇರೆಯವರು ಹೋಗದಂತೆ ಕಾಯುತ್ತಿದ್ದಾರೆ. ಅವಳಿಗೆ ಖಾತ್ರಿಯಾಯಿತು.

ಹೋದ ವರ್ಷ ಊರಿನ ನೆಲ ನಾಲ್ಕು ಸೆಕೆಂಡು ನಡುಗಿತ್ತು. ಗೋಡೆಗಳಲ್ಲಿ ಒಂದು ಬಿರುಕೂ ಮೂಡಲಿಲ್ಲ. ಆದರೆ ಒಂದು ನರ್ಸಿಂಗ್ ಹೋಮಿನಲ್ಲಿ ಫಾಲ್ಸ್ ಸೀಲಿಂಗ್ ಪೂರಾ ಕಳಚಿ ಬಿತ್ತು. ರೋಗಿಯ ಮೇಲೆ ಬಗ್ಗಿದ್ದ ಸಿಲ್ವಿಯಾ ಎಂಬ ನರ್ಸಿನ ಬೆನ್ನು ಮುರಿಯಿತು. ಆ ಸೀಲಿಂಗನ್ನು ಹೇಗೆ ಕಟ್ಟಬೇಕೆಂಬ ಸ್ಪೆಸಿಫಿಕೇಶನ್ ಬಿಂದುಶ್ರೀಯ ಕಚೇರಿಯದು. ಇಪ್ಪತ್ತು ವರ್ಷದಿಂದ ತಾರೀಖು ಮಾತ್ರ ಬದಲಾಗುತ್ತಿದ್ದ ಹಾಳೆಗಳು. ಭೂಕಂಪ ತಾಳುವಂತೆ ಅದನ್ನು ಹೊಸದಾಗಿ ಬರೆಯುವ ಕೆಲಸ ಅವಳ ಪಾಲಿಗೆ ಬಂತು.

ಅವಳು ಚೆನ್ನಾಗಿಯೇ ಬರೆದಳು. ಮೇಲಿನ ಸ್ಲ್ಯಾಬಿನಿಂದ ನೇರ ಇಳಿಬಿಟ್ಟ ತಂತಿ ಸೀಲಿಂಗಿನ ಭಾರ ಹೊರುತ್ತದೆ, ಓಲಾಟ ತಡೆಯುವುದಿಲ್ಲ. ಹಾಗಾಗಿ ಪ್ರತಿ ಹನ್ನೆರಡು ಅಡಿಗೆ ನಾಲ್ಕು ದಿಕ್ಕಿಗೂ ಓರೆ ತಂತಿ, ನಡುವೆ ಒಂದು ಕಂಬಿ. ಎರಡು ಗೋಡೆಗಳ ಕಡೆ ಮುಕ್ಕಾಲು ಇಂಚು ಸಂದು. ದೀಪಗಳಿಗೆ ಸ್ಲ್ಯಾಬಿನಿಂದಲೇ ಬೇರೆ ತಂತಿ. ಸೀಲಿಂಗಿನ ಬೋರ್ಡು ಮುಚ್ಚುವ ಮುಂಚೆ ತಪಾಸಣೆಗೆ ಕರೆಯುತ್ತೇವೆ ಎಂದ ಕಂಟ್ರಾಕ್ಟರು ಯಾವತ್ತೂ ಕರೆದದ್ದಿಲ್ಲ. ಅದಕ್ಕೇ ಕೊನೆಗೊಂದು ಸಾಲು: ಇಂಜಿನಿಯರು ತಾವೇ ಆರಿಸಿದ ಮೂರು ಕಡೆ ಬೋರ್ಡು ಕೊಯ್ಯಿಸಿ ಒಳಗೆ ನೋಡತಕ್ಕದ್ದು.

ಮೇಲಧಿಕಾರಿ ದೇವರಾಜು ಅಲ್ಲಿ ಪೆನ್ನು ಊರಿದ್ದರು. "ಮೂರು ತೂತಾ? ಆಸ್ಪತ್ರೆಯವರು ಬಾಯಿ ಬಡ್ಕೋತಾರೆ ಕಣಮ್ಮ. ಒಂದು ಸಾಕು. ಎಲ್ಲಿ ಅಂತ ನೀನೇ ಆರಿಸ್ಕೊ. ನೀನು ಎಲ್ಲಿ ಕೊಯ್ಸ್ತೀಯ ಅಂತ ಅವರಿಗೇನು ಕನಸು ಬೀಳುತ್ತಾ?"

ಅವಳು 'ಮೂರು' ಅಳಿಸಿ 'ಒಂದು' ಎಂದು ಬರೆದಳು.

ಇವತ್ತು ಆ ಒಂದನ್ನು ಬಳಸುವ ದಿನ. ಅವಳು ಸಹಿ ಹಾಕಿದರೆ ಸೋಮವಾರ ಈ ಸೀಲಿಂಗಿನ ಕೆಳಗೆ ಇಪ್ಪತ್ತನಾಲ್ಕು ಹಾಸಿಗೆ.

"ಏಣಿ ತನ್ನಿ. ಆ ಮೂಲೇಲಿ ಕೊಯ್ಯಿರಿ."

ಪುಟ್ಟಣ್ಣನ ಮುಖ ಇಳಿಯಿತು. "ಅಲ್ಲಿ ಬ್ಯಾಡಿ ಮೇಡಂ. ಕಿಟಕಿ ಹತ್ರ ನೋಡಿ, ಬೆಳಕೈತೆ. ಎಲ್ಲಾ ಒಂದೇ ಕೆಲ್ಸ."

"ಒಂದೇ ಆದ್ರೆ ಅಲ್ಲೇ ಕೊಯ್ಯೋಕೇನು?"

ಅವನು ತಲೆ ಕೆರೆದುಕೊಂಡ. ಕೆಲಸದವರ ಕಡೆ ನೋಡಿದ. ಆಮೇಲೆ ತಾನೇ ಏಣಿ ಹೊತ್ತು ತಂದ.

ಎರಡಡಿ ಚೌಕ ಕಳಚಿತು. ಬಿಂದುಶ್ರೀ ಏಣಿ ಹತ್ತಿ ಟಾರ್ಚು ಬಿಟ್ಟಳು. ಓರೆ ತಂತಿಗಳು ನಾಲ್ಕೂ ಇದ್ದವು. ಎಳೆದು ನೋಡಿದಳು, ಜಗ್ಗಲಿಲ್ಲ. ಪ್ರತಿ ತುದಿಗೂ ಬಿಗಿಯಾದ ಮೂರು ಸುತ್ತು. ಕಂಬಿ ನೆಟ್ಟಗಿತ್ತು. ಗೋಡೆಯ ಸಂದಿಗೆ ಬೆರಳು ಹೋಯಿತು. ಅವಳದೇ ನಕ್ಷೆ ಎದ್ದು ಬಂದು ನಿಂತ ಹಾಗೆ. ಅದರಾಚೆ ಆಪರೇಷನ್ ಕೋಣೆಗೆ ಏಸಿ ಗಾಳಿ ಒಯ್ಯುವ ದಪ್ಪ ಡಕ್ಟು ಅಡ್ಡ ಬಂದು ಬೆಳಕು ಅಲ್ಲಿಗೇ ನಿಂತಿತು.

ಕೆಳಗಿಳಿದಾಗ ಅವಳಿಗೆ ಪುಟ್ಟಣ್ಣನ ಮುಖ ನೋಡಲಾಗಲಿಲ್ಲ.

"ತಪ್ಪು ತಿಳ್ಕೋಬೇಡಿ ಪುಟ್ಟಣ್ಣ."

"ಏ, ಬುಡಿ ಮೇಡಂ. ನಿಮ್ ಕೆಲ್ಸ ನೀವು ಮಾಡಿದ್ರಿ." ಅವನೇ ಫೈಲು ಹಿಡಿದು ಕೊಟ್ಟ. "ನಮ್ಮವ್ವಂಗೆ ಸೊಂಟದ ಆಪರೇಷನ್ ಐತೆ. ಇದೇ ವಾರ್ಡಿಗೆ ಸೇರುಸ್ತೀನಿ. ಕಳಪೆ ಮಾಡಿದ್ರೆ ಹೆತ್ತವ್ವನ್ನ ತಂದು ಇದರ ಕೆಳಗೆ ಮಲಗುಸ್ತೀನಾ?"

ಅವಳು ಸಹಿ ಹಾಕಿದಳು.

ಒಂದು ತಿಂಗಳಾದ ಮೇಲೆ ಫೋಟೊ ತೆಗೆಯಲು ಬಂದಳು. ಅವಳ ಸ್ಪೆಸಿಫಿಕೇಶನ್ನನ್ನೇ ಇನ್ನೂ ನಾಲ್ಕು ಕಟ್ಟಡಗಳಿಗೆ ಬಳಸುವುದೆಂದು ಕಚೇರಿಯಲ್ಲಿ ತೀರ್ಮಾನವಾಗಿತ್ತು. ವಾರ್ಡು ತುಂಬಿತ್ತು. ಬಾಗಿಲಲ್ಲಿ ಹಿರಿಯ ನರ್ಸ್ ಅಮಲಮೇರಿ ನಕ್ಕರು.

"ನಿಮ್ಮ ಮೇಸ್ತ್ರಿ ತಾಯಿ ಅಲ್ಲಿದ್ದಾರೆ ನೋಡಿ. ಎಂಥಾ ಹಟಮಾರಿ ಕಣ್ರೀ ಆ ಮನುಷ್ಯ! ಕಿಟಕಿ ಪಕ್ಕ ಹಾಸಿಗೆ ಕೊಟ್ರೆ ಬೇಡ ಅಂದ. ಆ ಮೂಲೆ ಖಾಲಿ ಆಗ್ಲಿ ಅಂತ ಆಪರೇಷನ್ನೇ ಮೂರು ದಿನ ಮುಂದಕ್ಕೆ ಹಾಕಿಸ್ದ. ಶೌಚಾಲಯದ ವಾಸನೆ ಬೇರೆ."

ಮೂಲೆಯ ಮಂಚದಲ್ಲಿ ದೇವಿರಮ್ಮ ದಿಂಬಿಗೆ ಒರಗಿದ್ದರು. ನೆತ್ತಿಯ ಮೇಲೆ, ಬಣ್ಣದ ಅಡಿಯಲ್ಲಿ, ಕೊಯ್ದು ಮುಚ್ಚಿದ ಚೌಕದ ಗುರುತು. ಬಿಂದುಶ್ರೀ ಹತ್ತಿರ ಹೋದಳು. ಕ್ಯಾಮೆರಾ ಹೊರತೆಗೆಯಲಿಲ್ಲ.

"ಇಲ್ಲಿ ಗಾಳಿನೇ ಬರಲ್ವಲ್ಲಮ್ಮ. ಯಾಕೆ ಇದೇ ಹಾಸಿಗೆ ಬೇಕು ಅಂದ್ರಿ?"

"ನಾನೆಲ್ಲವ್ವ ಅಂದೆ? ನನ್ ಮಗ. ಕೆಲ್ಸ ಮಾಡುವಾಗ ಅವ್ರೂ ಉಣ್ಣಕ್ಕೆ ಇಲ್ಲೇ ಕೂರ್ತಿದ್ರಂತೆ. ಅದ್ನ ನೋಡೇ ಯಾರೋ ಮೇಡಮ್ಮು ಇಲ್ಲೇ ಕೊಯ್ಸಿ ನೋಡಿದ್ರು ಅಂತ ನಗ್ತಾ ಇರ್ತಾನೆ."

ಮುದುಕಿ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ನೆಲ ಅಳ್ಳಾಡಿದ್ರೆ ಈ ಮೂಲೆ ಬುಟ್ಟು ಓಡಬ್ಯಾಡ ಕಣವ್ವ, ಓರೆ ತಂತಿ ಕಟ್ಟಿರೋದು ಇಲ್ಲೊಂದೇ ಕಡೆ ಅಂದವ್ನೆ."